ದೇವರಾಜ ಅರಸು ಮತ್ತು ನಮ್ಮ ದಾದಿಯ ಬೆಳ್ಳಿ ಕಡಗ

ಈ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ನಾನು ಐದು ದಿನ ತರಗತಿ ತಪ್ಪಿಸಬೇಕಾಯಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಒಂದು ಕಚೇರಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಲು ಇನ್ನೊಂದು ಕಡೆ, ಅರ್ಜಿ ತುಂಬಲು ಮತ್ತೊಂದು ಕಡೆ. ಅಬ್ಬಾ ಅವರ ಹೆಸರಿನಲ್ಲಿ ಒಂದು ದಾಖಲೆಗೂ ಇನ್ನೊಂದು ದಾಖಲೆಗೂ ಇಂಗ್ಲಿಷಿನ ಒಂದೇ ಒಂದು ಅಕ್ಷರ ವ್ಯತ್ಯಾಸವಿತ್ತು. ಅದಕ್ಕಾಗಿ ಅವರು ಗೂಡ್ಸ್ ಆಟೋದ ಬಾಡಿಗೆ ಬಿಟ್ಟು ಎರಡು ದಿನ ನನ್ನ ಜೊತೆ ಬಂದರು. ಪ್ರತಿ ಕಚೇರಿಯವರೂ ತಮ್ಮ ಕೆಲಸ ಸರಿಯಾಗಿಯೇ ಇದೆ, ತಪ್ಪು ಆ ಕಡೆಯದು ಎಂದು ಹೇಳಿ ಕಳಿಸಿದರು. ಯಾರೂ ಕೆಟ್ಟವರಲ್ಲ. ಆದರೆ ಒಂದು ಕಚೇರಿಗೆ ಇನ್ನೊಂದು ಕಚೇರಿಯ ಪರಿಚಯವೇ ಇಲ್ಲದಂತೆ ನನಗೆ ಕಂಡಿತು.

ಮೂರನೇ ದಿನ ಸರದಿಯಲ್ಲಿ ಕುಳಿತಿದ್ದಾಗ ಎದುರಿನ ಗೋಡೆಯ ಮೇಲೆ ಡಿ. ದೇವರಾಜ ಅರಸು ಅವರ ಫೋಟೋ ಇತ್ತು. ಪಾಠದಲ್ಲಿ ಅವರ ಹೆಸರು ಓದಿದ್ದೆ. ಉಳುವವನಿಗೆ ಭೂಮಿ ಕೊಟ್ಟವರು ಎಂದು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮನೆಗೆ ಬಂದು ಉರ್ದುವಿನಲ್ಲಿ ಅವರ ಹೆಸರೆತ್ತಿದಾಗ, ಕನ್ನಡ ಓದಲು ಬಾರದ ನಮ್ಮ ದಾದಿ ತಕ್ಷಣ ಗುರುತು ಹಿಡಿದರು. ಅವರು ತಮ್ಮ ಪೆಟ್ಟಿಗೆಯಿಂದ ಒಂದು ಜೊತೆ ಬೆಳ್ಳಿ ಕಡಗ ತೆಗೆದು ತೋರಿಸಿದರು. ಆ ಕಡಗದ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಅರಸು ಅವರ ಬಗ್ಗೆ ನಾನು ಓದಿ ತಿಳಿದದ್ದನ್ನು ಬರೆಯುತ್ತೇನೆ.

ಕಲ್ಲಹಳ್ಳಿಯ ಹುಡುಗ

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಅರಸು ಸಮುದಾಯಕ್ಕೆ ಮೈಸೂರು ಅರಮನೆಯೊಂದಿಗೆ ನೆಂಟಸ್ತನವಿತ್ತು. ಅವರು ಮೈಸೂರಿನಲ್ಲಿ ಅರಸು ಮಕ್ಕಳಿಗಾಗಿಯೇ ಇದ್ದ ವಸತಿ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದರು. ಅವರ ತಮ್ಮ ಕೆಂಪರಾಜ ಅರಸು ಸಿನಿಮಾ ನಟರಾದರು. ದೇವರಾಜ ಅರಸು ಮಾತ್ರ ಪದವಿ ಮುಗಿಸಿ ಊರಿಗೆ ಹಿಂತಿರುಗಿ ಬೇಸಾಯಕ್ಕೆ ನಿಂತರು.

1941ರಲ್ಲಿ ಅವರು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆಗ ಅವರಿಗೆ 26 ವರ್ಷ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದು ಶಾಸಕರಾದರು. ಮುಂದೆ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯೂ ಆಗಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ನಾಯಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಕಡೆ ಉಳಿದರು. ಅರಸು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ವಿಧಾನಸಭಾ ಚುನಾವಣೆಯಲ್ಲಿ ಅವರ ಪಕ್ಷ ಭಾರೀ ಬಹುಮತ ಪಡೆಯಿತು. ಆ ಚುನಾವಣೆಯಲ್ಲಿ ಅರಸು ಸ್ವತಃ ಸ್ಪರ್ಧಿಸಿರಲಿಲ್ಲ. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾಗಿ, ನಂತರ ಉಪಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ಬಂದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅರಸು ಸಮುದಾಯ ತುಂಬ ಚಿಕ್ಕದು. ಜಾತಿಯ ಓಟು ಲೆಕ್ಕ ಹಾಕಿದರೆ ಅವರ ಹಿಂದೆ ಯಾರೂ ಇರಲಿಲ್ಲ ಎಂದೇ ಹೇಳಬೇಕು. ರಾಜ್ಯದಲ್ಲಿ ಸಂಖ್ಯೆಯಲ್ಲಿ ಚಿಕ್ಕದಾದ ಇಂಥ ಸಮುದಾಯಗಳು ನೂರಾರು ಇದ್ದವು. ಅವುಗಳಿಗೆ ಭೂಮಿ ಇರಲಿಲ್ಲ, ಶಾಲೆ ಇರಲಿಲ್ಲ, ವಿಧಾನಸಭೆಯಲ್ಲಿ ಒಬ್ಬ ಶಾಸಕನೂ ಇರಲಿಲ್ಲ. ಅಂಥ ಸಮುದಾಯಗಳ ಜನರಿಗೆ ಅರಸು ಚುನಾವಣೆಯ ಟಿಕೆಟ್ ಕೊಡಿಸಿದರು, ಗೆದ್ದವರನ್ನು ಮಂತ್ರಿ ಮಾಡಿದರು. ಅವರ ಸಂಪುಟದಲ್ಲಿ ದಲಿತ ನಾಯಕ ಬಿ. ಬಸವಲಿಂಗಪ್ಪ ಇದ್ದರು, ಮೈಸೂರಿನ ಅಜೀಜ್ ಸೇಠ್ ಇದ್ದರು. ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಸವಲಿಂಗಪ್ಪನವರು ಮನುಷ್ಯರ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದರು. ಇದು ಕಂದಾಯ ಇಲಾಖೆಯಿಂದ ಆಗುವ ಕೆಲಸವಲ್ಲ. ಪುರಸಭೆಗಳೇ ಮಾಡಬೇಕಾದ ಕೆಲಸ. ಬಡತನದ ಒಂದೊಂದು ಭಾಗ ಒಂದೊಂದು ಇಲಾಖೆಯ ಕೈಯಲ್ಲಿರುತ್ತದೆ ಎಂಬುದು ನನಗೆ ಮೊದಲು ಹೊಳೆದದ್ದು ಇದನ್ನು ಓದಿದಾಗ.

ಮೊದಲು ಪಟ್ಟಿ

ಅಕೌಂಟೆನ್ಸಿ ತರಗತಿಯಲ್ಲಿ ನಮಗೆ ಮೊದಲು ಹೇಳಿಕೊಡುವುದು ವ್ಯವಹಾರವನ್ನು ದಾಖಲಿಸುವುದನ್ನು. ಪುಸ್ತಕದಲ್ಲಿ ಬರೆಯದ ಲೆಕ್ಕ ಕೊನೆಯ ತಖ್ತೆಗೆ ಬರುವುದಿಲ್ಲ. ಸರ್ಕಾರದಲ್ಲೂ ಹಾಗೆಯೇ. ಪಟ್ಟಿಯಲ್ಲಿ ಇಲ್ಲದವರಿಗೆ ಯೋಜನೆಯಲ್ಲೂ ಜಾಗವಿಲ್ಲ.

ನಮ್ಮ ರಾಜ್ಯದಲ್ಲಿ ಇಂಥ ಪಟ್ಟಿಯ ಇತಿಹಾಸ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರೆಂದು ಆಗ ಗುರುತಿಸಿದವರಲ್ಲಿ ಮುಸ್ಲಿಮರೂ ಇದ್ದರು. 1960ರ ದಶಕದ ಆರಂಭದಲ್ಲಿ ನಾಗನಗೌಡ ಸಮಿತಿ ಬಂತು. ಆದರೆ ಪಟ್ಟಿಗಳು ಮತ್ತೆ ಮತ್ತೆ ನ್ಯಾಯಾಲಯದಲ್ಲಿ ಬೀಳುತ್ತಿದ್ದವು. ಯಾರು ಎಷ್ಟು ಹಿಂದುಳಿದಿದ್ದಾರೆ ಎಂದು ತೋರಿಸಲು ಸಾಕಷ್ಟು ಅಂಕಿಅಂಶ ಇರಲಿಲ್ಲ.

ಅರಸು 1972ರಲ್ಲಿಯೇ ವಕೀಲ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. ಆಯೋಗ ಹಳ್ಳಿ ಪಟ್ಟಣಗಳಲ್ಲಿ ಮನೆ ಮನೆಯ ಮಾದರಿ ಸಮೀಕ್ಷೆ ಮಾಡಿತು, ಎಸ್ಸೆಸ್ಸೆಲ್ಸಿ ಪಾಸಾದವರು ಎಷ್ಟು, ಸರ್ಕಾರಿ ನೌಕರಿಯಲ್ಲಿರುವವರು ಎಷ್ಟು ಎಂದು ಸಮುದಾಯವಾರು ಲೆಕ್ಕ ತೆಗೆಯಿತು. 1975ರ ನವೆಂಬರ್‌ನಲ್ಲಿ ವರದಿ ಬಂತು. ಅದು ಹಿಂದುಳಿದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸದೆ ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಪಂಗಡಗಳು ಎಂದು ಮೂರಾಗಿ ವಿಂಗಡಿಸಿತು. ಇದರಿಂದ ತೀರ ಹಿಂದುಳಿದವರು ಸ್ವಲ್ಪ ಮುಂದೆ ಬಂದವರೊಂದಿಗೆ ಪೈಪೋಟಿ ಮಾಡುವುದು ತಪ್ಪುತ್ತಿತ್ತು.

ವರದಿಯನ್ನು ವಿರೋಧಿಸಿ ದೊಡ್ಡ ಗದ್ದಲವಾಯಿತು. ಅರಸು ಅದನ್ನು ಕಪಾಟಿನಲ್ಲಿ ಇಡದೆ 1977ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿದರು. ಆಯೋಗ ಮುಸ್ಲಿಮರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಿರಲಿಲ್ಲ. ಅರಸು ಸರ್ಕಾರ ಸೇರಿಸಿತು. ಜಾತಿ ಯಾವುದೇ ಇರಲಿ, ಕಡಿಮೆ ವರಮಾನದ ರೈತರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳ ಮಕ್ಕಳಿಗಾಗಿ ವಿಶೇಷ ಗುಂಪು ಎಂಬ ಇನ್ನೊಂದು ಭಾಗವನ್ನೂ ಮಾಡಿತು.

ಈ ಪಟ್ಟಿಯಲ್ಲಿ ದೋಷವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅರಸು ಅವರ ಸ್ವಂತ ಸಮುದಾಯವನ್ನು ಪಟ್ಟಿಗೆ ಸೇರಿಸಿದ್ದನ್ನು 1979ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಆಮೇಲೆ ಬೇರೆ ಆಯೋಗಗಳು ಬಂದವು, ವರ್ಗಗಳ ಹೆಸರು ಬದಲಾಯಿತು. ಈಗ ನಮ್ಮ ಪ್ರಮಾಣಪತ್ರದಲ್ಲಿ ಬರೆಯುವ ಪ್ರವರ್ಗ 2ಬಿ ಎಂಬುದು 1990ರ ದಶಕದ್ದು. ಆದರೂ ಲೆಕ್ಕ ಮಾಡಿ, ಪಟ್ಟಿ ಮಾಡಿ, ಆಮೇಲೆ ಆದೇಶ ಮಾಡುವ ದಾರಿ ಗಟ್ಟಿಯಾದದ್ದು ಆಗ.

ನಮೂನೆ 7

ಪಟ್ಟಿ ನೌಕರಿಗೂ ಕಾಲೇಜು ಸೀಟಿಗೂ ಆಯಿತು. ಹಳ್ಳಿಯಲ್ಲಿ ಬೇರೆಯವರ ಜಮೀನನ್ನು ಗೇಣಿಗೆ ಉಳುತ್ತಿದ್ದವರಿಗೆ ಏನು? ಉಳುವವನೇ ಹೊಲದೊಡೆಯ ಎಂಬ ಬೇಡಿಕೆ ಹೊಸದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು 1951ರಲ್ಲಿಯೇ ಸತ್ಯಾಗ್ರಹ ಮಾಡಿದ್ದರು. 1961ರ ಭೂಸುಧಾರಣಾ ಕಾಯ್ದೆಯೂ ಇತ್ತು. ಆದರೆ ಒಡೆಯ ಜಮೀನನ್ನು ಸ್ವಂತ ಬೇಸಾಯಕ್ಕೆಂದು ವಾಪಸು ಪಡೆಯಲು ಅದರಲ್ಲಿ ದಾರಿಗಳಿದ್ದವು. ಕೋರ್ಟಿಗೆ ಅಲೆಯುವ ಶಕ್ತಿ ಗೇಣಿದಾರನಿಗೆ ಇರಲಿಲ್ಲ.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿನಿಂದ ಗೇಣಿಯಲ್ಲಿರುವ ಜಮೀನೆಲ್ಲ ಸರ್ಕಾರಕ್ಕೆ ಸೇರಿತು ಎಂದು ಕಾಯ್ದೆ ಹೇಳಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಹಕ್ಕು ಕೇಳಬೇಕು. ತೀರ್ಮಾನ ಮಾಡಲು ತಾಲ್ಲೂಕುಗಳಲ್ಲಿಯೇ ಭೂ ನ್ಯಾಯಮಂಡಳಿಗಳನ್ನು ಮಾಡಿದರು. ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಜೊತೆಗೆ ಅಧಿಕಾರಿಗಳಲ್ಲದ ನಾಲ್ವರು ಸದಸ್ಯರು. ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕು. ಮೊದಲಿಗೆ ವಕೀಲರು ವಾದ ಮಾಡಲು ಅವಕಾಶವಿರಲಿಲ್ಲ. ಹೀಗಾಗಿ ಹಣವಿದ್ದವನು ದೊಡ್ಡ ವಕೀಲರನ್ನು ತಂದು ಗೆಲ್ಲುವುದು ತಪ್ಪಿತು. ಬಿ. ಸುಬ್ಬಯ್ಯ ಶೆಟ್ಟರು ಭೂಸುಧಾರಣೆಯ ಮಂತ್ರಿಯಾಗಿ ಈ ಕೆಲಸದ ಬೆನ್ನು ಹತ್ತಿದರು.

ಒಟ್ಟು ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಗೇಣಿ ಪದ್ಧತಿ ಹೆಚ್ಚಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದಂಥ ಕಡೆ ಇದರ ಪರಿಣಾಮ ಹೆಚ್ಚು.

ನನ್ನ ಬೆಂಚಿನ ಗೆಳತಿಯ ತಾಯಿಯ ಊರು ಸಾಗರದ ಕಡೆ. ಅವಳ ಅಜ್ಜನಿಗೆ ಎರಡು ಎಕರೆ ಬಂದದ್ದು ಹೀಗೆಯೇ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಊರಿನ ಶಾಲೆಯ ಮೇಷ್ಟ್ರು ಅರ್ಜಿ ತುಂಬಿಕೊಟ್ಟರಂತೆ. ಅದೇ ಬೀದಿಯ ಇನ್ನೊಬ್ಬರು ಒಡೆಯರ ಮುಖ ನೋಡಿ ಅರ್ಜಿಯನ್ನೇ ಹಾಕಲಿಲ್ಲವಂತೆ. ಅವರ ಮೊಮ್ಮಕ್ಕಳು ಈಗಲೂ ಕೂಲಿಗೆ ಹೋಗುತ್ತಾರೆ. ಕಾಯ್ದೆ ಇಬ್ಬರಿಗೂ ಒಂದೇ. ಒಬ್ಬರಿಗೆ ಅರ್ಜಿ ತುಂಬಿಕೊಡುವವರು ಸಿಕ್ಕರು, ಧೈರ್ಯವೂ ಬಂತು.

ಹಕ್ಕುಪತ್ರ ಕೈಗೆ ಬಂದರೆ ಆಗುವ ಇನ್ನೊಂದು ಲಾಭ ವಾಣಿಜ್ಯ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಜಮೀನು ಆಸ್ತಿ. ಆಸ್ತಿ ಇದ್ದರೆ ಸಹಕಾರ ಸಂಘವೂ ಬ್ಯಾಂಕೂ ಸಾಲ ಕೊಡುತ್ತವೆ. ಗೇಣಿದಾರನಿಗೆ ಅಡಮಾನ ಇಡಲು ಏನೂ ಇರಲಿಲ್ಲ. ಜಮೀನಿನ ಒಡೆಯನಾದ ಮೇಲೆ ಬೀಜ ಗೊಬ್ಬರಕ್ಕೆ ಹಳೆಯ ಒಡೆಯನ ಮನೆ ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ಕಂದಾಯ ಇಲಾಖೆಯ ಕೆಲಸಕ್ಕೆ ಸಹಕಾರ ಇಲಾಖೆಯ ಕೆಲಸ ಕೂಡಿದಾಗ ಮಾತ್ರ ಆ ಎರಡು ಎಕರೆ ಒಂದು ಸಂಸಾರವನ್ನು ಸಾಕಿತು. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಈ ಕಾಯ್ದೆಯಿಂದ ಹೆಚ್ಚು ಜಮೀನು ಸಿಗಲಿಲ್ಲ. ಮಿತಿಗಿಂತ ಹೆಚ್ಚುವರಿ ಜಮೀನು ಅಂದುಕೊಂಡಷ್ಟು ಹೊರಗೆ ಬರಲಿಲ್ಲ.

ದಾದಿಯ ಕಡಗ

ಈಗ ಕಡಗದ ವಿಷಯ. ನಮ್ಮದು ರಾಮನಗರ, ರೇಷ್ಮೆಯ ಊರು. ನಮ್ಮ ದಾದಾ ನೂಲು ಬಿಚ್ಚುವ ಕಡೆ ಕೂಲಿ ಮಾಡುತ್ತಿದ್ದರು. ಬಿಸಿ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಕೈಯೆಲ್ಲ ಬಿಳಿಚಿ ಬಿರುಕು ಬಿಡುತ್ತಿತ್ತು ಎಂದು ದಾದಿ ಹೇಳುತ್ತಾರೆ. ಗೂಡು ಬರದ ದಿನಗಳಲ್ಲಿ ಕೂಲಿಯೂ ಇಲ್ಲ. ಮದುವೆಯಾದ ಹೊಸದರಲ್ಲಿ ದಾದಾ ಜ್ವರದಿಂದ ಮಲಗಿದಾಗ ದಾದಿ ತವರಿನಿಂದ ತಂದ ಬೆಳ್ಳಿ ಕಡಗವನ್ನು ಗಿರವಿ ಅಂಗಡಿಯಲ್ಲಿ ಇಟ್ಟರು. ಬಡ್ಡಿ ಬೆಳೆಯಿತು. ಬಿಡಿಸಿಕೊಳ್ಳುವ ಆಸೆಯನ್ನೇ ಬಿಟ್ಟಿದ್ದರು.

ಅದು ತುರ್ತು ಪರಿಸ್ಥಿತಿಯ ಕಾಲ. ದೇಶದಲ್ಲೆಲ್ಲ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರ ನಡೆದಿತ್ತು. ಬಡವರ ಸಾಲ ಪರಿಹಾರ ಅದರಲ್ಲಿ ಒಂದು. ಅರಸು ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದಿತು. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ಕಡಿಮೆ ವರಮಾನದ ದುರ್ಬಲ ವರ್ಗದವರು ಖಾಸಗಿಯವರಿಂದ ತಂದ ಸಾಲ ತೀರಿತೆಂದು ಅದು ಘೋಷಿಸಿತು. ಗಿರವಿ ಇಟ್ಟ ವಸ್ತುವನ್ನು ಹಿಂತಿರುಗಿಸಬೇಕು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲ ಇದಕ್ಕೆ ಸೇರಿರಲಿಲ್ಲ. ಓಣಿಯ ಹಿರಿಯರೊಬ್ಬರು ದಾದಾ ಅವರನ್ನು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದರು. ಕಡಗ ಮನೆಗೆ ಬಂತು. ಆ ರಾತ್ರಿ ದಾದಿ ಅದನ್ನು ಕಾಲಿಗೆ ಹಾಕಿಕೊಂಡೇ ಮಲಗಿದರಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ನಮ್ಮ ದೊಡ್ಡ ಫುಫು ಹೊಟ್ಟೆಯಲ್ಲಿದ್ದಾಗ ಮನೆಯಲ್ಲಿ ಮತ್ತೆ ಹಣವಿರಲಿಲ್ಲ. ಗಿರವಿ ಅಂಗಡಿಯವರು ಸಾಲ ಕೊಡಲು ಒಪ್ಪಲಿಲ್ಲ. ಕೊಟ್ಟರೆ ಸರ್ಕಾರ ಮತ್ತೆ ಮನ್ನಾ ಮಾಡುತ್ತದೆ ಎಂಬ ಭಯ. ಬ್ಯಾಂಕಿನ ಒಳಗೆ ಹೋಗಲು ದಾದಾ ಅವರಿಗೆ ಗೊತ್ತಿರಲಿಲ್ಲ, ಹೋದರೆ ಜಾಮೀನು ಕೊಡುವವರೂ ಇರಲಿಲ್ಲ. ಕೊನೆಗೆ ಇನ್ನೂ ಹೆಚ್ಚು ಬಡ್ಡಿಗೆ, ಚೀಟಿಯೂ ಇಲ್ಲದೆ ಬೇರೊಬ್ಬರಿಂದ ತಂದರು. ದಾದಿ ಎರಡನ್ನೂ ನೆನಪಿಟ್ಟುಕೊಂಡಿದ್ದಾರೆ. ಅರಸು ಅವರಿಗೆ ದುವಾ ಮಾಡುತ್ತಾರೆ, ಆ ವರ್ಷದ ಕಷ್ಟವನ್ನೂ ಹೇಳುತ್ತಾರೆ.

ಇದನ್ನು ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹಳೆಯ ಸಾಲವನ್ನು ತೀರಿಸುವುದು ರಾಜ್ಯ ಸರ್ಕಾರದ ಕೈಯಲ್ಲಿತ್ತು. ಹೊಸ ಸಾಲ ಕೊಡುವುದು ಬ್ಯಾಂಕುಗಳ ಕೈಯಲ್ಲಿತ್ತು. ದೊಡ್ಡ ಬ್ಯಾಂಕುಗಳು 1969ರಲ್ಲಿಯೇ ರಾಷ್ಟ್ರೀಕರಣವಾಗಿದ್ದವು. ಋಣ ಪರಿಹಾರ ಕಾಯ್ದೆ ಬಂದ 1976ರಲ್ಲಿಯೇ ನಮ್ಮ ರಾಜ್ಯದಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್‌ನಂಥ ಗ್ರಾಮೀಣ ಬ್ಯಾಂಕುಗಳು ಶುರುವಾದವು. ಎರಡು ಕೆಲಸಗಳೂ ನಡೆಯುತ್ತಿದ್ದವು. ಆದರೆ ನಮ್ಮ ಓಣಿಗೆ ಮೊದಲನೆಯದು ಬಂತು, ಎರಡನೆಯದು ಬರಲಿಲ್ಲ. ಮಧ್ಯದಲ್ಲಿ ಬಿದ್ದವರು ನನ್ನ ದಾದಿ.

ಇಲಾಖೆ ಮತ್ತು ನಿಗಮ

ಈ ಕೊರತೆ ಸರ್ಕಾರಕ್ಕೂ ಗೊತ್ತಾಗಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ 1975ರಲ್ಲಿ ಅಭಿವೃದ್ಧಿ ನಿಗಮ ಬಂದಿತ್ತು. 1977ರಲ್ಲಿ ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರಿಗಾಗಿ ಪ್ರತ್ಯೇಕ ಇಲಾಖೆ ಬಂತು, ಅದೇ ವರ್ಷ ಒಂದು ಅಭಿವೃದ್ಧಿ ನಿಗಮವೂ ಬಂತು. ಇಲಾಖೆಯ ಕೆಲಸ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ. ನಿಗಮದ ಕೆಲಸ ಸ್ವಂತ ಉದ್ಯೋಗಕ್ಕೆ ಸಾಲ. ಬಡವನಿಗೆ ಬ್ಯಾಂಕು ಪೂರ್ತಿ ಸಾಲ ಕೊಡಲು ಹಿಂದೆಮುಂದೆ ನೋಡಿದರೆ ನಿಗಮ ಒಂದು ಭಾಗ ಕೊಟ್ಟು ಬ್ಯಾಂಕಿಗೆ ಧೈರ್ಯ ತುಂಬುತ್ತದೆ. ಮುಂದೆ 1986ರಲ್ಲಿ ಅಲ್ಪಸಂಖ್ಯಾತರ ನಿಗಮ ಬೇರೆಯಾಯಿತು. ಮೊದಲಿನ ನಿಗಮಕ್ಕೆ ಈಗ ಅರಸು ಅವರ ಹೆಸರೇ ಇದೆ. ಕಚೇರಿಯ ಗೋಡೆಯ ಮೇಲೆ ಅವರ ಫೋಟೋ ಯಾಕಿತ್ತು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇದೇ ವರ್ಷಗಳಲ್ಲಿ ಮನೆ ಇಲ್ಲದವರಿಗೆ ನಿವೇಶನ ಮತ್ತು ಜನತಾ ಮನೆ, ಹಳ್ಳಿಯ ನಿರುದ್ಯೋಗಿಗಳಿಗೆ ಕೆಲಸ ಕೊಡಲು 1974ರಲ್ಲಿ ಭೂಸೇನಾ ನಿಗಮ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಬೇರೆಯವರು ಕೊಂಡುಕೊಳ್ಳದಂತೆ ತಡೆಯಲು 1978ರ ಕಾಯ್ದೆ ಬಂದವು. ಒಂದೊಂದನ್ನೇ ನೋಡಿದರೆ ಒಂದೊಂದು ಇಲಾಖೆಯ ಕಡತ. ಒಟ್ಟಿಗೆ ನೋಡಿದರೆ ಒಂದೇ ಮನೆಗೆ ಬೇಕಾದ ಸಾಮಾನುಗಳು: ಜಮೀನು, ಸೂರು, ಕೂಲಿ, ಸಾಲ, ಮಕ್ಕಳ ಓದು.

ಕೊನೆಯ ದಿನಗಳು

ಅರಸು ಅವರ ಜೀವನದಲ್ಲಿ ಕಪ್ಪು ಪುಟಗಳೂ ಇವೆ. ತುರ್ತು ಪರಿಸ್ಥಿತಿಯಲ್ಲಿ ಅವರೇ ಮುಖ್ಯಮಂತ್ರಿ. ವಿರೋಧಿಗಳು ಬೆಂಗಳೂರಿನ ಜೈಲಿನಲ್ಲಿದ್ದರು. ಅವರ ಸರ್ಕಾರದ ಮೇಲೆ ಬಂದ ಭ್ರಷ್ಟಾಚಾರದ ಆರೋಪಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಿಸಿತು. ಕೆಲವು ಆರೋಪಗಳಲ್ಲಿ ಸತ್ಯವಿದೆ ಎಂದು ಆಯೋಗ ಹೇಳಿತು. 1977ರ ಡಿಸೆಂಬರ್ ಕೊನೆಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಆದರೂ 1978ರ ಚುನಾವಣೆಯಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಿದರು. ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಗೆಲುವಿಗೆ ದುಡಿದವರು 1979ರಲ್ಲಿ ಅವರಿಂದಲೇ ದೂರವಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ ರಾಜ್ಯದ 28 ಸ್ಥಾನಗಳಲ್ಲಿ 27 ಗೆದ್ದಿತು. ಅರಸು ರಾಜೀನಾಮೆ ಕೊಟ್ಟರು. ಆಮೇಲೆ ಕ್ರಾಂತಿರಂಗ ಎಂಬ ಪಕ್ಷ ಕಟ್ಟಲು ಹೊರಟರು. 1982ರ ಜೂನ್ 6ರಂದು ತೀರಿಕೊಂಡರು. ಎರಡೂ ಅವಧಿ ಸೇರಿ ಏಳೂವರೆ ವರ್ಷಕ್ಕೂ ಹೆಚ್ಚು ಕಾಲ ಅವರು ಮುಖ್ಯಮಂತ್ರಿಯಾಗಿದ್ದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅವರ ಕಾಲದಲ್ಲೇ.

ನಾವು ಮಾಡಬಹುದಾದದ್ದು

ನನ್ನ ಅರ್ಜಿ ಕೊನೆಗೂ ಸಲ್ಲಿಕೆಯಾಯಿತು. ಆದರೆ ನಮ್ಮ ತರಗತಿಯ ಒಬ್ಬಳು ಮಧ್ಯದಲ್ಲೇ ಬಿಟ್ಟಳು. ಅವಳ ತಂದೆಗೆ ದಿನಗೂಲಿ. ಹೆಸರು ತಿದ್ದಿಸಲು ಮೂರು ದಿನ ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವಳ ಹೆಸರು ಪಟ್ಟಿಯಲ್ಲಿದೆ, ಯೋಜನೆಯೂ ಇದೆ, ಹಣವೂ ಇದೆ. ಅವಳಿಗೆ ಮಾತ್ರ ಸಿಗಲಿಲ್ಲ. ನಮೂನೆ 7 ತುಂಬದ ಆ ಸಾಗರದ ಮನೆಯವರನ್ನು ನೆನೆದರೆ ನನಗೆ ಇವಳೇ ಕಣ್ಣಮುಂದೆ ಬರುತ್ತಾಳೆ.

ಇಲಾಖೆಗಳನ್ನು ಒಂದಕ್ಕೊಂದು ಜೋಡಿಸುವುದು ದೊಡ್ಡವರ ಕೆಲಸ. ಅವರು ಮಾಡಲಿ. ಅಲ್ಲಿಯವರೆಗೆ ಊರಿನ ಆ ಮೇಷ್ಟ್ರು ಮಾಡಿದ ಕೆಲಸವನ್ನು ನಾವು ಮಾಡಬಹುದು. ಪ್ರಾಂಶುಪಾಲರು ಒಪ್ಪಿಗೆ ಕೊಟ್ಟರೆ ನಾನು ಮತ್ತು ನನ್ನ ಮೂವರು ಸಹಪಾಠಿಗಳು ಪ್ರತಿ ಶನಿವಾರ ತರಗತಿ ಮುಗಿದ ಮೇಲೆ ಗ್ರಂಥಾಲಯದ ಹೊರಗಿನ ಮೇಜಿನ ಬಳಿ ಕುಳಿತಿರುತ್ತೇವೆ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ತನ್ನಿ. ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದು ಮೊದಲೇ ನೋಡೋಣ, ಅರ್ಜಿ ತುಂಬೋಣ. ಪ್ರಥಮ ವರ್ಷದವರು ದಯವಿಟ್ಟು ನಾಚಿಕೊಳ್ಳಬೇಡಿ. ಕೊನೆಯ ದಿನಾಂಕದವರೆಗೆ ಕಾಯಲೂ ಬೇಡಿ. ನನ್ನ ಐದು ದಿನಗಳ ಅನುಭವ ನಿಮ್ಮಲ್ಲಿ ಒಬ್ಬರಿಗಾದರೂ ಐದು ದಿನ ಉಳಿಸಲಿ.